ಬೀಡು, ಬಿಡಾರ, ಬಿಡದಿ

ಎತ್ತಿನ ಹೆಗಲಿನಿಂದ ನೊಗವಿಳಿಸುವುದನ್ನು ನಮ್ಮ ಹಳ್ಳಿಗಾಡಿನಲ್ಲಿ ‘ಬಂಡಿ ಬಿಡುವುದು’ ಎಂದು ಹೇಳುತ್ತಾರೆ. ದಂಡು ಇಳಿದ ಎಡೆ ಬೀಡಾಯಿತು, ದಾರಿಗರು ಇಳಿದ ಎಡೆ ಬಿಡಾರವಾಯಿತು, ಮದುವೆಗೆ ಬಂದ ಬೀಗರನ್ನು ಇಳಿಸುವ ಮನೆ ಬಿಡದಿಯಾಯಿತು. ಒಂದೇ ಧಾತುವಿನಿಂದ ಹುಟ್ಟಿದ ಈ ಮೂರು ಶಬ್ದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಬಹುಕಾಲ ನಿರ್ಣಯಿಸುತ್ತ ಬಂದುದು ಪ್ರಯಾಣಿಕನ ಇಷ್ಟಕ್ಕಿಂತ ಹೆಚ್ಚಾಗಿ ಅವನನ್ನು ಹೊತ್ತು ನಡೆಯುತ್ತಿದ್ದ ಪ್ರಾಣಿಯ ಹಸಿವು ಮತ್ತು ದಣಿವುಗಳೇ ಎಂಬ ಸಂಗತಿ ಮನಸ್ಸಿಗೆ ಹೊಳೆಯುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿಯಲ್ಲಿ ಮೊದಲು ಸಿಕ್ಕುವ ದೊಡ್ಡ ಊರಿನ ಹೆಸರೂ ಬಿಡದಿಯೇ. ವಿದ್ಯುತ್ತಿನಿಂದ ಓಡುವ ಕಾರಿನಲ್ಲಿ ಕುಳಿತು ಈಚೆಗೆ ಆ ಕಡೆ ಹೋದಾಗ, ಆ ಹೆಸರನ್ನು ಹೊತ್ತ ಫಲಕವನ್ನು ಕಂಡ ಗಳಿಗೆಯಿಂದ, ತಂಗುವಿಕೆಯ ಚರಿತ್ರೆಯನ್ನು ಬರೆಯಬೇಕೆಂಬ ಆಸೆ ನನ್ನಲ್ಲಿ ಬೆಳೆಯುತ್ತ ಬಂದಿತು.

ಆ ಹಳೆಯ ದಾರಿಯ ಉದ್ದ ಸುಮಾರು 140 ಕಿಲೋಮೀಟರು. ಹೊರೆ ತುಂಬಿದ ಎತ್ತಿನ ಬಂಡಿ ಗಂಟೆಗೆ ಎರಡು ಮೈಲಿಯಂತೆ, ಹೊತ್ತೇರುವ ಮುನ್ನ ಒಂದಿಷ್ಟು, ಬಿಸಿಲು ಇಳಿದ ಮೇಲೆ ಒಂದಿಷ್ಟು ಎಂದು ನಡೆದು, ದಿನಕ್ಕೆ ಹನ್ನೆರಡು ಹದಿನೈದು ಮೈಲಿಗಳನ್ನು ಕಳೆದರೆ ಅದೇ ಒಳ್ಳೆಯ ನಡಿಗೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂಬ ಊರುಗಳನ್ನು ಬೆರಳುಗಳ ಮೇಲೆ ಎಣಿಸುತ್ತ ಹೋದರೆ, ಅವುಗಳ ನಡುವಣ ಅಂತರ ಬಹುಮಟ್ಟಿಗೆ ಎತ್ತಿನ ಅರ್ಧ ದಿನದ ಅಥವಾ ಒಂದು ದಿನದ ನಡಿಗೆಯೇ ಆಗಿರುವುದನ್ನೂ, ವಾರ ಒಪ್ಪತ್ತಿನಲ್ಲಿ ಬಂಡಿ ಮೈಸೂರಿನ ಕೋಟೆಯ ಬಾಗಿಲನ್ನು ಸೇರುತ್ತಿದ್ದುದನ್ನೂ ಯಾರಾದರೂ ಲೆಕ್ಕ ಹಾಕಿ ಕಾಣಬಹುದು. ದಾರಿಯಲ್ಲಿ ನಿರ್ಭಯವಾಗಿ ತಂಗಲು ಎಡೆಯಿಲ್ಲದಿದ್ದರೆ ಆಳುವವರು ಊರನ್ನೇ ಕಟ್ಟಿಸಿದುದೂ ಉಂಟು. ಇಂದಿನ ರಾಮನಗರವು ಒಂದು ಕಾಲಕ್ಕೆ ಕ್ಲೋಸ್‌ಪೇಟೆ. ಬಂಡೆಯೂ ಕಾಡೂ ಕವಿದಿದ್ದ ಆ ಪ್ರದೇಶದಲ್ಲಿ ಹೆದ್ದಾರಿಗೆ ರಕ್ಷಣೆಯಾಗಲೆಂದು 1800ರ ಸುಮಾರಿನಲ್ಲಿ ದಿವಾನ್ ಪೂರ್ಣಯ್ಯನವರು ಒಂದು ಪೇಟೆಯನ್ನು ಸ್ಥಾಪಿಸಿ, ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸರ ಹೆಸರನ್ನು ಅದಕ್ಕೆ ಇಟ್ಟರು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಆ ಊರು ಮೂಲತಃ ದಾರಿಗಾಗಿ ಹುಟ್ಟಿದ ಊರು ಎಂಬುದನ್ನು ನೆನೆಯುವವರು ಈಗ ಕಡಮೆ.

ಅರಸರೂ ದಿವಾನರೂ ಮಾಡಿದುದಕ್ಕಿಂತ ಹೆಚ್ಚನ್ನು ಹೆಸರು ಉಳಿಯದ ಜನ ಮಾಡಿದರು. ಕನ್ನಡನಾಡಿನ ಶಾಸನಗಳಲ್ಲಿ ಕೆರೆಗೆ, ದೇವಾಲಯಕ್ಕೆ, ಸತ್ರಕ್ಕೆ ಬಿಟ್ಟ ದತ್ತಿಗಳ ಜೊತೆಯಲ್ಲಿ ಅರವಂಟಿಗೆಗೆ, ಎಂದರೆ ದಾರಿಗರಿಗೆ ನೀರು ಕೊಡುವ ಚಪ್ಪರಕ್ಕೆ, ಬಿಟ್ಟ ಭೂಮಿಯ ಉಲ್ಲೇಖವೂ ಬರುತ್ತದೆ. ನಮ್ಮ ಬಾಯಲ್ಲಿ ಅದೇ ಅರವಟ್ಟಿಗೆ. ಚೈತ್ರ ವೈಶಾಖಗಳ ಉರಿಯಲ್ಲಿ ಮಡಕೆಯ ತಣ್ಣೀರು, ನೀರುಮಜ್ಜಿಗೆ, ಪಾನಕಗಳನ್ನು ಕೊಡುತ್ತಿದ್ದ ಆ ಚಪ್ಪರದ ಮಗ್ಗುಲಲ್ಲಿಯೇ ದನಗಳಿಗೆಂದು ಕಲ್ಲಿನ ತೊಟ್ಟಿಯಿರುತ್ತಿತ್ತು. ತುಸು ದೂರದಲ್ಲಿ, ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲನ್ನು ಆಳೆತ್ತರಕ್ಕೆ ಹೊಂದಿಸಿದ ಹೊರೆಗಲ್ಲು ನಿಂತಿರುತ್ತಿತ್ತು. ತಲೆಯ ಮೇಲೆ ಭಾರ ಹೊತ್ತು ಒಬ್ಬಂಟಿಯಾಗಿ ಬರುವವಳು ಇಳಿಸಿಕೊಡುವವರಿಗಾಗಿ ಕಾಯಬೇಕಾಗಿಲ್ಲದೆ, ತಾನೇ ಅದರ ಮೇಲಕ್ಕೆ ಹೊರೆಯನ್ನು ಸರಿಸಿ ಉಸಿರಾಡಿಕೊಂಡು, ಮತ್ತೆ ತಾನೇ ಅದನ್ನು ತಲೆಗೇರಿಸಿಕೊಂಡು ಹೋಗಲಿ ಎಂದು ಯೋಚಿಸಿದ ಆ ಮನಸ್ಸು ಎಂಥದಿರಬೇಕು! ನೊಂದವರ ಕತ್ತಿನ ನೋವನ್ನು ಬಲ್ಲವರು ಮಾತ್ರ ಅಂಥ ಕಲ್ಲನ್ನು ನೆಡಿಸಬಲ್ಲರು ಎಂದು ನಾನು ನಂಬಿದ್ದೇನೆ.

ಬಂಡಿ ಬಿಟ್ಟ ಮೇಲಿನ ಕೆಲಸಕ್ಕೂ ಒಂದು ಕ್ರಮವಿದ್ದಿತು. ಮೊದಲು ಎತ್ತಿನ ಮೈಯಾರಬೇಕು, ಆಮೇಲೆ ನೀರು, ಆಮೇಲೆ ಬಂಡಿಯ ತಳದಲ್ಲಿ ಕಟ್ಟಿ ತಂದ ರಾಗಿಹುಲ್ಲು, ಅನುಕೂಲಸ್ಥರಾದರೆ ಬೇಯಿಸಿದ ಹುರುಳಿ. ಅಷ್ಟು ಮುಗಿದ ತರುವಾಯವೇ ಮೂರು ಕಲ್ಲು ಹೂಡಿ ಮನುಷ್ಯರ ಅಡುಗೆ. ಎತ್ತು ಮೆಲುಕು ಹಾಕುವಷ್ಟು ಹೊತ್ತು ಮನುಷ್ಯನಿಗೆ ಬೇರೆ ಉದ್ಯೋಗವಿಲ್ಲದ ಕಾರಣ, ಬೇರೆ ಬೇರೆ ಸೀಮೆಗಳ ಬಂಡಿಕಾರರ ನಡುವೆ ಧಾರಣೆಯ ಮಾತು, ಮಳೆಯ ಮಾತು, ಹೆಣ್ಣುಗಂಡುಗಳ ಸಂಬಂಧದ ಮಾತು ನಡೆಯುತ್ತಿದ್ದುದು ಅಲ್ಲಿಯೇ. ಕುಡಿದಾದ ಎತ್ತನ್ನು ತೊಟ್ಟಿಯ ಬಳಿಯಿಂದ ಸರಿಸಿ ಹಿಂದಿನವರ ಎತ್ತಿಗೆ ಎಡೆಮಾಡಿಕೊಡುವುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮೇವಿನ ಪ್ರಶ್ನೆಯನ್ನು ರಾಜ್ಯದ ಮಟ್ಟದಲ್ಲಿ ಆಲೋಚಿಸಿದ ಕೀರ್ತಿ ಮೈಸೂರಿಗೆ ಸಲ್ಲಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎನ್ನಿಸಿಕೊಂಡಿದ್ದ ಅರಮನೆಯ ಗೋಶಾಲೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲೆಂಬ ಹೆಸರನ್ನು ಪಡೆದು, ಫಿರಂಗಿಯನ್ನೆಳೆಯುವ ವೇಗಶಾಲಿಯಾದ ಎತ್ತುಗಳ ತಳಿಯಾಗಿ ದಂಡಿನ ಇತಿಹಾಸದಲ್ಲಿಯೇ ಪ್ರಸಿದ್ಧವಾಯಿತು. ಆ ತಳಿಯ ಗುಣವನ್ನು ಹೊಗಳುವವರು ಬಹುಮಂದಿ. ಅದರ ಹಿಂದೆ ಇದ್ದ ಕಾವಲುಗಳನ್ನು ಕುರಿತು ಹೇಳುವವರು ವಿರಳ. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಬೇಸಗೆಗೆ ಇಂಥವು, ಮಳೆಗಾಲಕ್ಕೆ ಇಂಥವು, ಚಳಿಗಾಲಕ್ಕೆ ಇಂಥವು ಎಂದು ಋತುಮಾನವನ್ನು ಅನುಸರಿಸಿ ವಿಂಗಡಿಸಿದ ಹುಲ್ಲುಗಾವಲುಗಳು ಹರಡಿಕೊಂಡಿದ್ದುದರಿಂದಲೇ ಆ ಮಂದೆಗಳು ವರ್ಷವಿಡೀ ನಡೆದಾಡುತ್ತ ಬಲವನ್ನು ಉಳಿಸಿಕೊಂಡವು. ಎಳೆಯುವ ಪ್ರಾಣಿ ಎಷ್ಟೇ ಉತ್ತಮವಾಗಿರಲಿ, ಅದು ಹೋಗುವ ಕಡೆಯಲ್ಲೆಲ್ಲ ಅದಕ್ಕೆ ಮೇವು ಕಾದಿರಬೇಕೆಂಬ ತಿಳಿವಳಿಕೆ ಅಲ್ಲಿ ಕೆಲಸಮಾಡಿತು. ದಣಿದವನನ್ನು ನಿಲ್ಲಿಸಿ ದಣಿಯದವನನ್ನು ಓಡಿಸುವ ಇನ್ನೊಂದು ಉಪಾಯವೂ ಅದೇ ಒಡೆಯರ ಆಳ್ವಿಕೆಯಲ್ಲಿ ಏರ್ಪಟ್ಟ ಅಂಚೆಯ ಇಲಾಖೆಗೆ ತಿಳಿದಿತ್ತು: ಕಟ್ಟೆಯಿಂದ ಕಟ್ಟೆಗೆ ಓಟಗಾರನು ಬದಲಾಗುತ್ತಿದ್ದನೇ ಹೊರತು ಚೀಲ ನಿಲ್ಲುತ್ತಿರಲಿಲ್ಲ.

1882ರಲ್ಲಿ ರೈಲು ಮೈಸೂರನ್ನು ಮುಟ್ಟಿದಾಗ ಏಳು ದಿನದ ದಾರಿ ಒಂದು ಹಗಲಿನದಾಯಿತು. ಉಗಿಯ ಯಂತ್ರಕ್ಕೂ ದಾಹವಿದ್ದುದರಿಂದ ಅದು ನೀರು ಕುಡಿಯಲು ನಿಂತ ನಿಲ್ದಾಣಗಳಲ್ಲಿ ಜನರೂ ಇಳಿದು ತಿಂಡಿ ಕೊಂಡರು. ನಿಲುಗಡೆಯನ್ನು ನಿಜವಾಗಿ ಅಳಿಸಿದುದು ಪೆಟ್ರೋಲು. ಆದರೆ ಪೆಟ್ರೋಲಿನ ಕಾರೂ ತನ್ನ ಬಾಲ್ಯದಲ್ಲಿ ದಾರಿಯಲ್ಲಿ ಬೇಡಿಯೇ ಉಣ್ಣಬೇಕಾಗಿದ್ದಿತು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಝ್ ಎಂಬಾಕೆ, ತನ್ನ ಪತಿ ನಿರ್ಮಿಸಿದ ಮೂರು ಗಾಲಿಯ ವಾಹನದಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂಡಿಕೊಂಡು, ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸಿದಾಗ, ಇಂಧನ ತೀರಿಹೋಗಿ, ವೀಸ್‌ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನು ಕೊಂಡು ತುಂಬಿಸಿಕೊಂಡಳು. ಲೋಕದ ಮೊತ್ತಮೊದಲ ಪೆಟ್ರೋಲ್ ಬಂಕ್ ಒಂದು ಮದ್ದಿನಂಗಡಿ. ಇನ್ನೂ ಈಚೆಗೆ, ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ, ಇದ್ದಲಿನ ಅನಿಲದಿಂದ ಓಡುವ ಬಸ್ಸುಗಳು ನಮ್ಮ ರಸ್ತೆಗಳಿಗೂ ಬಂದವು. ಬೆನ್ನಿಗೆ ಕಟ್ಟಿದ ಒಲೆಯ ತಿದಿಯನ್ನು ಹುಡುಗನೊಬ್ಬನು ತಿರುಗಿಸಿ ಕೆಂಡ ಮಾಡುವ ತನಕ ಪ್ರಯಾಣಿಕರು ಮರದಡಿಯಲ್ಲಿ ಕಾದರು. ಏರಿನಲ್ಲಿ ಇಳಿದು ನಡೆದರು. ಹೀಗಿರುವಾಗ, ಐದು ನಿಮಿಷದಲ್ಲಿ ಹೊಟ್ಟೆ ತುಂಬಿಸಿಕೊಂಡು ಐನೂರು ಕಿಲೋಮೀಟರು ಓಡುವ ವಾಹನವನ್ನೇ ಸೃಷ್ಟಿಯ ನಿಯಮವೆಂದು ನಾವು ಭಾವಿಸಿರುವುದು ಎರಡು ಮೂರು ತಲೆಮಾರುಗಳ ಅಭ್ಯಾಸ ಮಾತ್ರ. ಆ ವಾಹನದ ಉಪಕಾರವನ್ನು ನಾನು ಮರೆಯಲಾರೆ. ನಡುರಾತ್ರಿಯಲ್ಲಿ ಹೆರಿಗೆಯ ನೋವಿನವಳನ್ನು ದೂರದ ಆಸ್ಪತ್ರೆಗೆ ಸೇರಿಸಿದುದು ಅದು.

ವಿದ್ಯುತ್ತಿನ ಕಾರು ಹೊಸದೆಂಬ ಭಾವನೆಯೂ ಇಷ್ಟೇ ತಪ್ಪು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ನಾಲ್ಕು ಸಾವಿರಕ್ಕೆ ಮಿಕ್ಕ ಕಾರುಗಳಲ್ಲಿ ಉಗಿಯವು 1,681, ವಿದ್ಯುತ್ತಿನವು 1,575, ಪೆಟ್ರೋಲಿನವು 936 ಮಾತ್ರ. ನ್ಯೂಯಾರ್ಕಿನ ವಿದ್ಯುತ್ ಬಾಡಿಗೆಬಂಡಿಗಳು ಸಾವಿರ ಪೌಂಡಿಗೂ ಮಿಗಿಲಾದ ತಮ್ಮ ಬ್ಯಾಟರಿಯನ್ನು ಕೇಂದ್ರಸ್ಥಾನದಲ್ಲಿ ಯಂತ್ರದ ನೆರವಿನಿಂದ ಇಳಿಸಿ, ತುಂಬಿದ್ದನ್ನು ಏರಿಸಿಕೊಂಡು ಹೊರಡುತ್ತಿದ್ದುವು. ನಮ್ಮ ಅಂಚೆಯ ಕಟ್ಟೆಯ ಉಪಾಯವೇ ಅದು. ಹಿಡಿ ತಿರುಗಿಸಿ ಎಂಜಿನ್ನನ್ನು ಎಬ್ಬಿಸುವ ಕಷ್ಟವಿಲ್ಲದ, ಹೊಗೆಯಿಲ್ಲದ ಆ ಕಾರುಗಳನ್ನು ನಗರದ ಜನ ಮೆಚ್ಚಿದರು. ಪೆಟ್ರೋಲ್ ಕಾರಿನ ದೊರೆಯಾದ ಹೆನ್ರಿ ಫೋರ್ಡರ ಪತ್ನಿ ಕ್ಲಾರಾ ಅವರೇ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ಕಾರನ್ನು ಓಡಿಸುತ್ತಿದ್ದರು. ಆದರೆ ನಗರದ ಎಲ್ಲೆ ದಾಟಿದರೆ ಹಳ್ಳಿಗಳಲ್ಲಿ ವಿದ್ಯುತ್ತಿರಲಿಲ್ಲ. ಎತ್ತಿಗೆ ಕಾವಲಿಲ್ಲದ ಸೀಮೆಯಂತೆ ಅದಾಯಿತು. 1908ರಲ್ಲಿ ಫೋರ್ಡರ ಅಗ್ಗದ ಮಾಡೆಲ್ ಟಿ, 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದ ವಿದ್ಯುತ್ ಸ್ಟಾರ್ಟರು, ಈ ಎರಡು ಹೊಡೆತಗಳಿಂದ ಅವು ಕ್ರಮೇಣ ರಸ್ತೆಯಿಂದ ಮರೆಯಾದವು. ಅದೇ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಕಾವೇರಿಯ ನೀರು ವಿದ್ಯುತ್ತಾಗುತ್ತಿತ್ತು: ಶಿವನಸಮುದ್ರದಿಂದ 92 ಮೈಲಿಗಳ ತಂತಿಯ ಮೂಲಕ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಶಕ್ತಿ ಹರಿಯಿತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಆ ತಂತಿ ದೀಪಕ್ಕೂ ಗಿರಣಿಗೂ ಬಂದಿತಾದರೂ ಬಂಡಿಗೆ ಬರಲು ಒಂದು ಶತಮಾನ ಹಿಡಿಯಿತು.

ಹಾಗೆ ಬಂದುದು ಬೆಂಗಳೂರಿನಲ್ಲಿಯೇ ಎಂಬುದು ನನಗೆ ಹೆಮ್ಮೆಯ ವಿಷಯ. 2001ರಲ್ಲಿ, ಚೇತನ್ ಮೈನಿಯವರ ಮುಂದಾಳುತನದಲ್ಲಿ, ಬೊಮ್ಮಸಂದ್ರದ ಕಾರ್ಖಾನೆಯಿಂದ ರೇವಾ ಎಂಬ ಪುಟ್ಟ ಕಾರು ಹೊರಬಂದಿತು. ಎರಡು ಬಾಗಿಲು, ಸೀಟಿನ ಅಡಿಯಲ್ಲಿ ಸೀಸದ ಬ್ಯಾಟರಿಗಳು, ಒಮ್ಮೆ ತುಂಬಿದರೆ ಎಂಬತ್ತು ಕಿಲೋಮೀಟರಿನ ಓಟ. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ರಾತ್ರಿ ಸಿಕ್ಕಿಸಿದರೆ ಬೆಳಗಿಗೆ ಸಿದ್ಧ. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಅದು ಓಡಾಡಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಆ ಕಂಪನಿಯ ಬಹುಪಾಲನ್ನು ಕೊಂಡುಕೊಂಡಿತು. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿ ದೇಶದಲ್ಲಿ ಮೊದಲನೆಯದೆನ್ನಿಸಿಕೊಂಡಿತು. ಬೆಂಗಳೂರಿನ ಸೀಮೆಗೆ ವಿದ್ಯುತ್ತನ್ನು ಒದಗಿಸುವ ಬೆಸ್ಕಾಂ ಸಂಸ್ಥೆ ಊರೂರಿನಲ್ಲಿ ಚಾರ್ಜಿಂಗ್ ಕೇಂದ್ರಗಳನ್ನು ನೆಡತೊಡಗಿತು.

ರೇವಾ ಕಲಿಸಿದ ಮೊದಲ ಪಾಠವೇ ಇಂದಿಗೂ ನಿತ್ಯದ ಓಡಾಟದ ಪಾಠವಾಗಿದೆ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು ರಾತ್ರಿಯೆಲ್ಲ ಮೇದು ಬೆಳಗಿಗೆ ಹೊಲಕ್ಕೆ ಸಿದ್ಧವಾಗುತ್ತಿದ್ದಂತೆ ಕಾರು ಮನೆಯ ಅಂಗಳದಲ್ಲಿ ರಾತ್ರಿ ಉಣ್ಣುತ್ತದೆ. ಸಾಧಾರಣವಾದ 15 ಆಂಪಿಯರ್ ಪ್ಲಗ್ಗು ಗಂಟೆಗೆ ಸುಮಾರು ಮೂರು ಯೂನಿಟ್ ಕೊಡುತ್ತದೆ. ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರು ಓಡುವ ಕಾರು ಎಂಟು ಗಂಟೆಯ ರಾತ್ರಿಯಲ್ಲಿ ನೂರೈವತ್ತು ಕಿಲೋಮೀಟರಿನ ಮೇವನ್ನು ಗಳಿಸುತ್ತದೆ. ನಗರದಲ್ಲಿ ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರು ಓಡಾಡುವವನಿಗೆ ಇದು ಬೇಕಾದುದಕ್ಕಿಂತ ಹೆಚ್ಚು. ಬಂಕಿನ ಸಾಲು ಅವನ ಬಾಳಿನಿಂದ ಹೊರಟುಹೋಗುತ್ತದೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸ್ವಂತ ಅಂಗಳವಿಲ್ಲದವನು, ಬಾಡಿಗೆಯ ಮಹಡಿಯಲ್ಲಿ ವಾಸಿಸುತ್ತ ಕಾರನ್ನು ಬೀದಿಯಲ್ಲಿ ನಿಲ್ಲಿಸುವವನು, ಅಪಾರ್ಟ್‌ಮೆಂಟಿನ ಸಂಘದ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಅಲೆಯುವವನು ಕೊಟ್ಟಿಗೆಯಿಲ್ಲದೆ ಎತ್ತು ಕಟ್ಟಿದವನ ಪಾಡನ್ನೇ ಪಡುತ್ತಾನೆ. ಯಾರಿಗೆ ಅಂಗಳವಿದೆಯೋ ಅವರಿಗೆ ಮಾತ್ರ ಸುಲಭವಾದ ಅನುಕೂಲವನ್ನು ಊರಿನ ಅನುಕೂಲವೆಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ದೂರ ಪ್ರಯಾಣದ ಲೆಕ್ಕ ಬೇರೆ. 2020ರಲ್ಲಿ ಬಂದ ಟಾಟಾ ನೆಕ್ಸಾನಿನ ಮೊದಲ ವಿದ್ಯುತ್ ಮಾದರಿಯನ್ನೇ ತೆಗೆದುಕೊಂಡರೆ, ಅದರ ಬ್ಯಾಟರಿಯಲ್ಲಿ 30 ಯೂನಿಟ್ ಹಿಡಿಯುತ್ತದೆ. ಪರೀಕ್ಷೆಯ ಪ್ರಮಾಣಪತ್ರದಲ್ಲಿ 312 ಕಿಲೋಮೀಟರೆಂದಿದ್ದರೂ ನಿಜವಾದ ರಸ್ತೆಯಲ್ಲಿ ಇನ್ನೂರರ ಸುತ್ತಮುತ್ತ. ವೇಗ ಏರಿದಷ್ಟೂ ಗಾಳಿಯ ತಡೆ ಏರಿ ಮೇವು ಬೇಗ ಕರಗುವುದರಿಂದ, ನಿಧಾನವಾಗಿ ಹೋದವನೇ ಮೊದಲು ಊರು ಸೇರುವ ಸಂದರ್ಭಗಳೂ ಉಂಟು. ದಾರಿಯ ವೇಗದ ಚಾರ್ಜರಿನಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ನಿಲ್ಲಬೇಕು. ನೂರಕ್ಕೆ ಎಂಬತ್ತರಷ್ಟು ತುಂಬಿದ ಮೇಲೆ, ಹೊಟ್ಟೆ ತುಂಬುತ್ತ ಬಂದ ಹಸುವಿನಂತೆ, ಬ್ಯಾಟರಿ ನಿಧಾನಿಸುತ್ತದೆ. ಆದುದರಿಂದ ಬಲ್ಲವರು ಎಂಬತ್ತಕ್ಕೆ ಬಿಡಿಸಿಕೊಂಡು ಹೊರಡುತ್ತಾರೆ. ಘಟ್ಟದ ದಾರಿಯಲ್ಲಿ ಇದರ ವರ್ತನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸಿತು. ಕೊಟ್ಟಿಗೆಹಾರದಿಂದ ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುತ್ತ ಬಂದಾಗ, ಮೋಟಾರು ತಾನೇ ಡೈನಮೋ ಆಗಿ ಇಳಿತದ ಬಲವನ್ನು ಹಿಡಿದುಕೊಂಡು ಬ್ಯಾಟರಿಗೆ ಸೇರಿಸುವುದರಿಂದ, ಘಟ್ಟದ ಮೇಲೆ ಕಂಡ ಅಂಕಿಗಿಂತ ಬುಡದಲ್ಲಿ ಕಂಡ ಅಂಕಿ ದೊಡ್ಡದಾಗಿದ್ದಿತು. ಬಂಡಿಯ ಕಾಲದಲ್ಲಿ ಇಳಿತವೆಂದರೆ ಗಾಲಿಗೆ ತಡೆ ಕಟ್ಟಿ, ಎತ್ತಿನ ಕೊರಳಿನ ಮೇಲೆ ಬೀಳುವ ಭಾರಕ್ಕೆ ಹೆದರಿ ಹೆಜ್ಜೆ ಹೆಜ್ಜೆಗೆ ಉಸಿರು ಬಿಗಿಹಿಡಿಯುತ್ತಿದ್ದ ಹೊತ್ತು. ಅಂದಿನ ಬಂಡಿಕಾರನಿಗೆ ಇಳಿತವು ಮೇವು ಕೊಡುತ್ತದೆಂದು ಹೇಳಿದ್ದರೆ ಅವನು ಅದನ್ನು ದೇವರ ವರವೆಂದು ಕೈಮುಗಿಯುತ್ತಿದ್ದನು.

ಈ ನಡುವೆ ದಾರಿಯೇ ಬದಲಾಯಿತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಿಡದಿಯನ್ನೂ ರಾಮನಗರ ಚನ್ನಪಟ್ಟಣಗಳನ್ನೂ ಮದ್ದೂರನ್ನೂ ಮಂಡ್ಯವನ್ನೂ ಶ್ರೀರಂಗಪಟ್ಟಣವನ್ನೂ ಬಳಸಿಕೊಂಡು ಹೋಯಿತು. ಎತ್ತಿನ ಹಸಿವು ಕಟ್ಟಿದ ಆರು ತಂಗುಗಳನ್ನು ಒಂದೇ ರಸ್ತೆ ದಾಟಿಬಿಟ್ಟಿತು. ಬಿಡದಿಯ ತಟ್ಟೆ ಇಡ್ಲಿಯವರೂ ಚನ್ನಪಟ್ಟಣದ ಬೊಂಬೆಯ ಅಂಗಡಿಯವರೂ ಮದ್ದೂರಿನ ವಡೆಯವರೂ ವ್ಯಾಪಾರ ಬಿದ್ದುಹೋಯಿತೆಂದು ನೊಂದು ನುಡಿದುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು. ನಿಲ್ಲದೆ ಓಡುವುದಕ್ಕೆಂದೇ ನಿರ್ಮಿತವಾದ ಆ ರಸ್ತೆಯ ಮೇಲೆ, ನಿಂತು ಉಣ್ಣಬೇಕಾದ ವಾಹನವೂ ಅದೇ ವರ್ಷಗಳಲ್ಲಿ ಬಂದು ಸೇರಿತು. ಮೈಸೂರಿಗೆ ಹೋಗಲು ಒಂದು ತುಂಬುವಿಕೆ ಸಾಕು; ಅದೇ ದಿನ ಹಿಂದಿರುಗುವುದಾದರೆ ಎಲ್ಲಾದರೂ ಬಂಡಿ ಬಿಡಲೇಬೇಕು.

ಕಳೆದ ಬೇಸಗೆಯಲ್ಲಿ ಶ್ರೀರಂಗಪಟ್ಟಣದಿಂದ ತಂಗಿಯ ಮಗನ ಕಾರಿನಲ್ಲಿ ಹಿಂದಿರುಗುತ್ತಿದ್ದಾಗ ನಮಗೆ ಆದುದೂ ಅದೇ. ಮೊದಲು ಹೋದ ಎಡೆಯಲ್ಲಿ ಯಂತ್ರ ಕೆಟ್ಟು ನಿಂತಿತ್ತು. ಬಯಲಿನ ಮೂಲೆ, ನೆರಳಿಗೆ ಒಂದು ಗಿಡವಿಲ್ಲ, ಕುಡಿಯಲು ಒಂದು ನಲ್ಲಿಯಿಲ್ಲ, ಕೇಳಲು ಒಬ್ಬ ಮನುಷ್ಯನಿಲ್ಲ. ವಯಸ್ಸಾದವರೂ ಕೈಗೂಸಿನ ತಾಯಂದಿರೂ ಅಲ್ಲಿ ಒಂದು ಗಂಟೆ ಕಾಯಬೇಕಾಗಬಹುದೆಂಬುದನ್ನು ಆ ಕಂಬ ನೆಟ್ಟವರು ನೆನೆದಂತೆ ತೋರಲಿಲ್ಲ. ಉಳಿದಿದ್ದ ಹದಿನಾಲ್ಕು ಪರ್ಸೆಂಟಿನಲ್ಲಿ ಹೆದ್ದಾರಿಯಿಂದ ಇಳಿದು ಹಳೆಯ ರಸ್ತೆಯನ್ನು ಹಿಡಿದು, ಮದ್ದೂರಿನ ಬಳಿಯ ಹೋಟೆಲೊಂದರ ಅಂಗಳವನ್ನು ಮುಟ್ಟಿದೆವು. ಅಲ್ಲಿ ಹಾಸನದ ಕಡೆಯ ಸಂಸಾರವೊಂದರ ಕಾರು ಉಣ್ಣುತ್ತಿತ್ತು. ಆ ಮನೆಯ ಹಿರಿಯರು ನಮ್ಮನ್ನು ಕಂಡವರೇ, “ಬನ್ನಿ ಸ್ವಾಮಿ, ಇನ್ನು ಹತ್ತೇ ನಿಮಿಷ, ಬಿಡಿಸಿಕೊಡ್ತೀವಿ” ಎಂದು ಕುರ್ಚಿ ಸರಿಸಿದರು. ಹತ್ತು ನಿಮಿಷದಲ್ಲಿ ಆಲೂಗಡ್ಡೆಯ ಧಾರಣೆ, ಮುಂಗಾರಿನ ಸುಳಿವು, ಅವರ ಮೊಮ್ಮಗಳ ಎಂಜಿನಿಯರಿಂಗ್ ಸೀಟು ಎಲ್ಲವೂ ನಮಗೆ ತಿಳಿದುಹೋಯಿತು.

ಅವರು ಹೊರಟ ಮೇಲೆ ನಮ್ಮ ಕಾರಿಗೆ ತಂತಿ ಸಿಕ್ಕಿಸಿ ಹುಡುಗನು, “ಮಾವ, ಇನ್ನು ನಲವತ್ತು ನಿಮಿಷ ಆಗುತ್ತೆ. ವಡೆ ತಿಂದು ಹಾಗೇ ಒಂದಿಷ್ಟು ಕಾಲಾಡಿಸಿ ಬನ್ನಿ” ಎಂದನು. ಹಳೆಯ ರಸ್ತೆಯ ಅಂಚಿನಲ್ಲಿ ಬಾಡಿದ ಬಿಸಿಲಿನಲ್ಲಿ ನಡೆದು ಹೋದೆ. ಅಗಲಿಸುವಾಗ ಉಳಿದುಕೊಂಡ ಒಂದು ಹುಣಸೆಯ ಮರ, ಅದರ ಬುಡದಲ್ಲಿ ಅರ್ಧ ಹೂತುಹೋದ ಎರಡು ನಿಲುಗಲ್ಲುಗಳು; ಅಡ್ಡಗಲ್ಲು ಇನ್ನೂ ಬಿದ್ದಿರಲಿಲ್ಲ. ಅದರ ಮೇಲೆ ಯಾರೋ ಹಾಲಿನ ಕ್ಯಾನೊಂದನ್ನು ಇಟ್ಟು, ಮರಕ್ಕೊರಗಿ ದಣಿವಾರಿಸಿಕೊಳ್ಳುತ್ತಿದ್ದರು. ಕಲ್ಲಿನ ಮೇಲ್ಮೈ ಎಷ್ಟೋ ಹೊರೆಗಳ ತಿಕ್ಕಾಟದಿಂದ ನುಣುಪಾಗಿದ್ದಿತು. ನಾನು ಅದರ ಮೇಲೆ ಅಂಗೈಯಿಟ್ಟು ನಿಂತಿದ್ದೆ. ಜೇಬಿನಲ್ಲಿ ಫೋನು ಮೊಳಗಿತು.

“ಮಾವ, ಎಂಬತ್ತಾಯಿತು. ಹಿಂದೆ ಇನ್ನೊಬ್ಬರು ಬಂದಿದ್ದಾರೆ, ಜೊತೆಯಲ್ಲಿ ಮಗುವಿದೆ. ಬೇಗ ಬನ್ನಿ, ಜಾಗ ಬಿಟ್ಟುಕೊಡೋಣ.”